ಜಪಾನಿಗೆ ಇಂಗ್ಲಿಷ್ ಕಲಿಸಲು ಬರುತ್ತಿದ್ದೀರಾ? ಕನ್ನಡವನ್ನೂ ಜೊತೆಗೆ ತನ್ನಿ

ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಫೆಬ್ರುವರಿ ಬಂತೆಂದರೆ ನನಗೆ ಫೋನ್‌ಗಳು ಶುರು. "ಅಕ್ಕಾ, ಎಎಲ್‌ಟಿ ಕೆಲಸ ಸಿಕ್ಕಿದೆ, ಏನೇನು ತರಲಿ?" ಅಂತ ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಾರೆ. ಎಎಲ್‌ಟಿ ಅಂದರೆ ಇಲ್ಲಿನ ಶಿಕ್ಷಕರ ಜೊತೆ ನಿಂತು ಇಂಗ್ಲಿಷ್ ಕಲಿಸುವ ಸಹಾಯಕ ಶಿಕ್ಷಕರು. ನಾನು ಸಾಗರದವಳು. ನಾಗಾನೊ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ 11 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಫೋನಿನಲ್ಲಿ ಎಲ್ಲರಿಗೂ ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದಪತ್ರ. ಎಎಲ್‌ಟಿಗಳನ್ನು ಹೊರದೇಶಗಳಿಂದ ಕರೆಸುವ ಜಪಾನ್ ಸರ್ಕಾರದ ಜೆಟ್ ಯೋಜನೆ 1987ರಿಂದ ಇದೆ. ಆದರೆ ನನಗೆ ಪರಿಚಯದ ಕನ್ನಡಿಗರೆಲ್ಲ ಬಂದದ್ದು ಶಾಲೆಗಳಿಗೆ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳ ಮೂಲಕ. ಶಾಲೆಯಲ್ಲಿ ಎಎಲ್‌ಟಿ ಆಗಿ ಕಲಿಸುವ ವೀಸಾಕ್ಕೆ ಪದವಿಯ ಜೊತೆಗೆ ಇನ್ನೊಂದು ಷರತ್ತಿದೆ. ನೀವು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಪಿಯುಸಿ, ಡಿಗ್ರಿ ಎಲ್ಲ ಸೇರಿಸಿ ಲೆಕ್ಕ ಹಾಕಿ, ಕಂಪನಿಯನ್ನು ಮೊದಲೇ ಕೇಳಿ. ಶಾಲೆ, ಕಾಲೇಜುಗಳಿಂದ ಮಾಧ್ಯಮದ ಪ್ರಮಾಣಪತ್ರ ಊರಲ್ಲಿ ಇರುವಾಗಲೇ ತೆಗೆದುಕೊಳ್ಳಿ. ಇಲ್ಲಿಂದ ಅಪ್ಪ ಅಮ್ಮನನ್ನು ಆಫೀಸಿಗೆ ಓಡಿಸುವುದು ಬೇಡ.

ನರಿತಾ, ಹನೆದಾದಂಥ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದಾಗ ನಿವಾಸಿ ಕಾರ್ಡ್ ಕೈಗೆ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆ ಇದ್ದರೆ ಆಸ್ಪತ್ರೆ ಖರ್ಚಿನಲ್ಲಿ ನೂರಕ್ಕೆ 30 ಭಾಗ ಮಾತ್ರ ನಿಮ್ಮದು. ದುಡ್ಡಿನ ವಿಷಯದಲ್ಲಿ ಎರಡು ಮಾತು ನೆನಪಿರಲಿ. ಏಪ್ರಿಲ್‌ನ ಸಂಬಳ ಮೇ ಕೊನೆಗೆ ಬರುವುದೂ ಉಂಟು. ಮನೆಗೆ ಮುಂಗಡ ಬೇರೆ ಕೊಡಬೇಕು. ಆದ್ದರಿಂದ ಎರಡು ತಿಂಗಳಿಗೆ ಆಗುವಷ್ಟು ಹಣ ಕೈಯಲ್ಲಿರಲಿ. ಇನ್ನೊಂದು, ಊರಿನ ನಿವಾಸ ತೆರಿಗೆ. ಅದನ್ನು ಹಿಂದಿನ ವರ್ಷದ ಆದಾಯದ ಮೇಲೆ ಹಾಕುತ್ತಾರೆ. ಮೊದಲ ವರ್ಷ ಏನೂ ಬರುವುದಿಲ್ಲ, ಮುಂದಿನ ಜೂನ್‌ನಲ್ಲಿ ಬರುತ್ತದೆ. ಅದಕ್ಕೆ ಮೊದಲಿನಿಂದಲೇ ಸ್ವಲ್ಪ ಎತ್ತಿಡಿ.

ಶಾಲೆಯ ಬಾಗಿಲಲ್ಲೇ ಚಪ್ಪಲಿ ಗೂಡು ಇರುತ್ತದೆ. ಹೊರಗಿನ ಶೂ ಬಿಟ್ಟು ಒಳಗಿನ ಶೂ ಹಾಕಿಕೊಳ್ಳಬೇಕು. ಅದಕ್ಕೆ ಉವಾಬಾಕಿ ಅನ್ನುತ್ತಾರೆ, ಹೊಸದೊಂದು ಜೊತೆ ತನ್ನಿ. ಸಿಬ್ಬಂದಿ ಕೋಣೆಗೆ ಕಾಲಿಡುತ್ತಲೇ ಎಲ್ಲರಿಗೂ ಕೇಳುವ ಹಾಗೆ "ಒಹಾಯೋ ಗೊಝಾಯಿಮಾಸ್" (ಶುಭೋದಯ) ಅನ್ನಿ. ಮೆಲ್ಲಗೆ ಬಂದು ಕುಳಿತರೆ ಬಿಗುಮಾನ ಅಂದುಕೊಳ್ಳುತ್ತಾರೆ. ಹುಷಾರಿಲ್ಲ, ತಡವಾಗುತ್ತದೆ ಅನ್ನುವುದನ್ನೆಲ್ಲ ತಿಳಿಸಬೇಕಾದ್ದು ಉಪಮುಖ್ಯ ಶಿಕ್ಷಕರಿಗೆ, ಅವರನ್ನು ಕ್ಯೋತೊ ಸೆನ್ಸೇ ಎಂದು ಕರೆಯುತ್ತಾರೆ. ಮಕ್ಕಳು ದಿನಾ ತರಗತಿ, ಮೆಟ್ಟಿಲು, ಪಾಯಿಖಾನೆಯನ್ನು ತಾವೇ ಗುಡಿಸಿ ಒರೆಸುತ್ತಾರೆ. ಆ ಹೊತ್ತಿನಲ್ಲಿ ನೀವೂ ಒಂದು ಬಟ್ಟೆ ಹಿಡಿದು ಬಗ್ಗಿ. ಮಕ್ಕಳು ನನ್ನ ಹತ್ತಿರ ಬಾಯಿಬಿಟ್ಟು ಮಾತಾಡಲು ಶುರುಮಾಡಿದ್ದು ನೆಲ ಒರೆಸುವಾಗ.

ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗೆ 2020ರ ಏಪ್ರಿಲ್‌ನಿಂದ ಇಂಗ್ಲಿಷ್ ಪೂರ್ಣ ಪಾಠವಾಗಿದೆ, ವರ್ಷಕ್ಕೆ 70 ಪೀರಿಯಡ್. 3 ಮತ್ತು 4ನೇ ತರಗತಿಗೆ 35 ಪೀರಿಯಡ್, ಅದರಲ್ಲಿ ಹಾಡು, ಆಟವೇ ಜಾಸ್ತಿ. ಒಂದು ಪೀರಿಯಡ್‌ಗೆ 45 ನಿಮಿಷ.

ಇನ್ನು ಊಟ. ಸಸ್ಯಾಹಾರಿಗಳು ಇದನ್ನು ನಿಧಾನವಾಗಿ ಓದಿ. ಮಧ್ಯಾಹ್ನದ ಶಾಲೆಯ ಊಟಕ್ಕೆ ಕ್ಯೂಶೊಕು ಎನ್ನುತ್ತಾರೆ. ಅನ್ನ ಅಥವಾ ಬ್ರೆಡ್, ಒಂದು ಪಲ್ಯದಂಥದ್ದು, ಸೂಪು, ಒಂದು ಪುಟ್ಟ ಡಬ್ಬಿ ಹಾಲು. ಮಕ್ಕಳೇ ಬಡಿಸುತ್ತಾರೆ, ಎಲ್ಲರೂ ತರಗತಿಯಲ್ಲೇ ಕುಳಿತು ಉಣ್ಣುತ್ತಾರೆ. ನಾನು ಮಾಂಸ, ಮೀನು ಬದಿಗಿಟ್ಟು ಮೂರು ತಿಂಗಳು ಮಿಸೊ ಸೂಪು ಕುಡಿದೆ. ಅದರಲ್ಲಿ ಕಾಣುತ್ತಿದ್ದದ್ದು ತೋಫು, ಮೂಲಂಗಿ, ಈರುಳ್ಳಿ ಮಾತ್ರ. ಸೂಪಿನ ನೀರೇ ದಾಶಿ ಅಂತ, ಅದನ್ನು ಒಣಗಿಸಿದ ಮೀನಿನ ತುರಿಯಿಂದ ತೆಗೆಯುತ್ತಾರೆ ಅಂತ ಒಬ್ಬ ಸಹೋದ್ಯೋಗಿ ತಿಳಿಸಿದ ದಿನ ಮನೆಗೆ ಬಂದು ಅತ್ತಿದ್ದೇನೆ. ಅವರೇ ಮರುದಿನ ಶಾಲೆಯ ಪೌಷ್ಟಿಕ ತಜ್ಞೆಯ ಹತ್ತಿರ ಮಾತಾಡಿದರು. ಅಂದಿನಿಂದ ನನ್ನದು ಡಬ್ಬಿ ಊಟ. ಮೊದಲ ದಿನ ಚಿತ್ರಾನ್ನ ಒಯ್ದಿದ್ದೆ. "ಕರೇ ರೈಸಾ?" ಅಂತ ಇಡೀ ತರಗತಿ ಬಂದು ಬಗ್ಗಿ ನೋಡಿತು. ಮಕ್ಕಳಿಗೆ ಮಾತ್ರ ಒಂದು ತುತ್ತೂ ಕೊಡಬೇಡಿ. ಅಲರ್ಜಿಯ ಭಯದಿಂದ ಶಾಲೆಗಳು ಇದರಲ್ಲಿ ಬಹಳ ಕಟ್ಟುನಿಟ್ಟು.

ಈ ವಾಕ್ಯ ಬಾಯಿಪಾಠ ಮಾಡಿ: "ನಿಕು ಮೊ ಸಕಾನಾ ಮೊ ತಬೆಮಾಸೆನ್, ದಾಶಿ ಮೊ ದಮೆ ದೆಸ್." ಮಾಂಸವೂ ಮೀನೂ ತಿನ್ನುವುದಿಲ್ಲ, ದಾಶಿಯೂ ಆಗುವುದಿಲ್ಲ. ನೋಡಿ, ನಮ್ಮ 'ಊ' ಇರುವ ಜಾಗದಲ್ಲೆಲ್ಲ ಅವರ 'ಮೊ' ಬಂದು ಕೂತಿದೆ.

ನನ್ನ ಮುಖ್ಯ ಮಾತು ಇದೇ. ಜಪಾನೀಸನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ನಾನು ಇಂಗ್ಲಿಷ್ ಪುಸ್ತಕ ಹಿಡಿದು ಒಂದು ವರ್ಷ ಒದ್ದಾಡಿದೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಮಗು ಶಾಲೆಗೆ ಹೊರಡುತ್ತಾ "ಇತ್ತೆ ಕಿಮಾಸ್" ಅಂತ ಕೂಗಿತು. ಇತ್ತೆ ಅಂದರೆ ಹೋಗಿ, ಕಿಮಾಸ್ ಅಂದರೆ ಬರ್ತೀನಿ. ಅಮ್ಮನಿಗೆ ನಾವು ಹೇಳುವ "ಹೋಗಿ ಬರ್ತೀನಿ"! ಅಲ್ಲಿಂದ ಬಾಗಿಲು ತೆರೆಯಿತು. ತಬೆತೆ ಮಿತೆ ಅಂದರೆ ತಿಂದು ನೋಡು. ಅಲ್ಲೂ 'ನೋಡು' ಕಣ್ಣಿನ ನೋಟವಲ್ಲ, ನಮ್ಮಲ್ಲಿ ಇರುವ ಹಾಗೇ. ತಬೆತೆ ಶಿಮತ್ತಾ ಅಂದರೆ ತಿಂದುಬಿಟ್ಟೆ. ಕತ್ತೆ ಒಕು ಅಂದರೆ ಕೊಂಡು ಇಡು. ಕೊಕೊ, ಸೊಕೊ, ದೊಕೊ ಅಂದರೆ ಇಲ್ಲಿ, ಅಲ್ಲಿ, ಎಲ್ಲಿ. ಕ್ರಿಯಾಪದ ಕೊನೆಗೆ ಬರುತ್ತದೆ. ವಿಭಕ್ತಿ ಪದದ ಕೊನೆಗೆ ಅಂಟುತ್ತದೆ. ಎದೆ ಡವಡವ ಅಂದರೆ ಅವರಿಗೆ ದೊಕಿದೊಕಿ, ಗುಡುಗಿನ ಗುಡುಗುಡು ಅವರಿಗೆ ಗೊರೊಗೊರೊ. ಎರಡು ಭಾಷೆಗೂ ರಕ್ತಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಂಗ್ಲಿಷ್ ಮಾತ್ರ ಗೊತ್ತಿರುವ ನನ್ನ ಗೆಳೆಯರು ತಿಂಗಳುಗಟ್ಟಲೆ ಕಷ್ಟಪಡುವ ಜಾಗದಲ್ಲಿ ನಿಮಗೆ ದಾರಿ ಆಗಲೇ ಗೊತ್ತಿರುತ್ತದೆ.

ತರಗತಿಯಲ್ಲೂ ಕನ್ನಡ ಕೈಹಿಡಿಯುತ್ತದೆ. ಮಕ್ಕಳು ಬಸ್ ಅನ್ನುವುದಕ್ಕೆ 'ಬಸು', ಕ್ಲಾಸ್ ಅನ್ನುವುದಕ್ಕೆ 'ಕುರಸು' ಅನ್ನುತ್ತಾರೆ. ಪದದ ಕೊನೆಗೆ ಸ್ವರ ಇಲ್ಲದಿದ್ದರೆ ನಾಲಿಗೆ ಒಪ್ಪುವುದಿಲ್ಲ. ನಮ್ಮ ಅಜ್ಜಿಯರೂ ಬಸ್ಸು, ಕಾರು, ಇಸ್ಕೂಲು ಅಂದವರೇ ಅಲ್ವಾ? ಹಾಗಾಗಿ ತಪ್ಪು ಎಲ್ಲಿ ಹುಟ್ಟುತ್ತದೆ ಅನ್ನುವುದು ನಮಗೆ ಒಳಗಿನಿಂದಲೇ ಗೊತ್ತು. ಒಂದು ಕಂಪನಿಯ ಸಂದರ್ಶನದಲ್ಲಿ ನನ್ನನ್ನು ಭಾರತದ ಉಚ್ಚಾರಣೆ ಬೇಡವೆಂದು ವಾಪಸ್ ಕಳಿಸಿದ್ದರು. ಬಹಳ ನೋವಾಗಿತ್ತು. ನಿಮಗೂ ಅಂಥ ಮಾತು ಬರಬಹುದು, ಕುಗ್ಗಬೇಡಿ. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರು ಕಲಿಯುವ ಮಗುವಿನ ಕಷ್ಟ ಬೇಗ ಹಿಡಿಯುತ್ತಾರೆ. ಇದನ್ನು ನಾನು ದಿನಾ ಕಾಣುತ್ತಿದ್ದೇನೆ.

ಅಡುಗೆಗೆ ಚಿಂತೆ ಬೇಡ. ಇಲ್ಲಿನ ಅಂಟು ಅನ್ನ ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಬೇಳೆ, ಸಾಸಿವೆ, ಇಂಗು ಎಲ್ಲ ಟೋಕಿಯೊದ ಭಾರತೀಯ ಅಂಗಡಿಗಳಿಂದ ಪಾರ್ಸೆಲ್‌ನಲ್ಲಿ ಬರುತ್ತವೆ. ಸಾರಿನ ಪುಡಿ ಮಾತ್ರ ಅಮ್ಮನ ಕೈಯದ್ದೇ ತನ್ನಿ. ಹಸಿ ಕರಿಬೇವು, ಹಣ್ಣು ತರಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡುವುದಿಲ್ಲ. ಸಿಬ್ಬಂದಿ ಕೋಣೆಗೆ ಹಂಚಲು ಒಂದೊಂದನ್ನೇ ಬೇರೆ ಬೇರೆ ಸುತ್ತಿದ ಸಿಹಿ ತನ್ನಿ. ಎಲ್ಲರ ಮೇಜಿನ ಮೇಲೂ ಒಂದೊಂದು ಇಡುವುದು ಇಲ್ಲಿನ ರೂಢಿ.

ಯಾವ ದಿನ ಯಾವ ಕಸ ಹಾಕಬೇಕು ಅನ್ನುವುದಕ್ಕೆ ಪಟ್ಟಿ ಇದೆ, ಅದನ್ನು ಫ್ರಿಜ್‌ಗೆ ಅಂಟಿಸಿಕೊಳ್ಳಿ. ಹಳ್ಳಿ ಕಡೆಯ ಶಾಲೆಗೆ ಕಾರು ಬೇಕೇ ಬೇಕು. ಊರಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿ ತಂದರೆ ಒಂದು ವರ್ಷ ಓಡಿಸಬಹುದು. ನಮ್ಮ ಹಾಗೇ ಇಲ್ಲೂ ರಸ್ತೆಯ ಎಡಬದಿ. ಪೊಲೀಸರಿಗೆ 110, ಆಂಬುಲೆನ್ಸಿಗೆ 119. ಭೂಕಂಪದ ಕವಾಯತು ಶಾಲೆಯಲ್ಲಿ ನಡೆಯುತ್ತದೆ. ಮಕ್ಕಳು ಮೇಜಿನ ಕೆಳಗೆ ಹೋದಾಗ ನೀವೂ ಹೋಗಿ.

ಕಷ್ಟದ ಕಾಲ ಜನವರಿ. ನಾಗಾನೊದಲ್ಲಿ ಹಿಮ ಬೀಳುತ್ತದೆ, ಮನೆಯ ಗೋಡೆ ತೆಳು, ಸೀಮೆಎಣ್ಣೆ ಹೀಟರ್ ಆರಿಸಿದ ಅರ್ಧ ಗಂಟೆಗೆ ಕೋಣೆ ತಣ್ಣಗಾಗುತ್ತದೆ. ಸಂಜೆ ಐದಕ್ಕೇ ಕತ್ತಲು. ಸುತ್ತ ಕನ್ನಡ ಮಾತಾಡುವವರು ಯಾರೂ ಇರುವುದಿಲ್ಲ. ಆ ತಿಂಗಳು ಒಂದು ವಾರಾಂತ್ಯ ಟೋಕಿಯೊಗೆ ಬನ್ನಿ. ಎದೊಗಾವಾದ ನಿಶಿ ಕಸಾಯ್‌ನಲ್ಲಿ ಭಾರತೀಯರು ತುಂಬ ಇದ್ದಾರೆ, ಐಟಿ ಕೆಲಸದ ಕನ್ನಡಿಗರೂ ಸಿಗುತ್ತಾರೆ. ಹೋಗಲು ಆಗದಿದ್ದರೆ ನನಗೆ ಫೋನ್ ಮಾಡಿ, ಹೊತ್ತು ನೋಡಬೇಡಿ.

ಮೊದಲ ತರಗತಿಗೆ ತಾಜ್ ಮಹಲ್ ಚಿತ್ರ ಬೇಡ. ಒಂದು ದಪ್ಪ ಪೆನ್ನು, ಬಿಳಿ ಹಾಳೆ ಸಾಕು. ಜಪಾನೀ ಅಕ್ಷರಮಾಲೆ ಅ ಇ ಉ ಎ ಒ, ಕ ಸ ತ ನ ಹ ಮ ಯ ರ ವ ಎಂದೇ ಸಾಗುತ್ತದೆ. ಅದರ ಕ್ರಮ ಭಾರತದ ವರ್ಣಮಾಲೆಯಿಂದ ಬೌದ್ಧರ ಜೊತೆ ಬಂದದ್ದು. ಅವರ ಹೆಸರುಗಳೂ ಕನ್ನಡದಲ್ಲಿ ಸಲೀಸಾಗಿ ಕೂರುತ್ತವೆ: ಹರುಕ, ಸಕುರ, ತಕುಮಿ. ಒಬ್ಬೊಬ್ಬರ ಹೆಸರನ್ನೂ ಕನ್ನಡದಲ್ಲಿ ಬರೆದು ಕೊಡಿ. ಹೆಸರಿನ ಪಟ್ಟಿಯನ್ನು ಎರಡು ದಿನ ಮೊದಲೇ ಕೇಳಿ ಇಟ್ಟುಕೊಳ್ಳಿ. ಈ ಅಕ್ಷರಮಾಲೆಯ ಹಿರಗಾನಾ ಲಿಪಿಯಲ್ಲಿ ಉಚ್ಚಾರಣೆ ಬರೆದಿರುವ ಪಟ್ಟಿಯನ್ನೇ ಕೇಳಿ, ಯಾಕೆಂದರೆ ಹೆಸರಿನ ಕಾಂಜಿಗಳನ್ನು, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳನ್ನು, ಹೇಗೆ ಓದಬೇಕೆಂದು ಎಷ್ಟೋ ಸಲ ಇಲ್ಲಿನ ಶಿಕ್ಷಕರಿಗೂ ತಿಳಿಯುವುದಿಲ್ಲ.