ಡೆಬಿಯನ್‌ಗೆ ಒಂದು ಪ್ಯಾಕೇಜ್: ಕಟ್ಟುವುದು ಹೇಗೆ, ಕಳಿಸುವುದು ಹೇಗೆ?

ಸೋರ್ಸ್ ಕೋಡ್ ಇಟ್ಟುಕೊಂಡು ಒಂದು ಡೆಬ್ ಕಡತ (ಹಾಕಿಕೊಳ್ಳಲು ಸಿದ್ಧವಾದ ಪ್ಯಾಕೇಜ್) ಹೊರಡಿಸುವುದು ದೊಡ್ಡ ಕೆಲಸವಲ್ಲ. ಅದನ್ನು ಲಿನಕ್ಸ್ ಆಧಾರಿತ ಕಾರ್ಯವ್ಯವಸ್ಥೆಯಾದ ಡೆಬಿಯನ್ ಒಳಗೆ ಸೇರಿಸಲು ಮಾತ್ರ ವಾರಗಟ್ಟಲೆ ಹಿಡಿಯುತ್ತದೆ. ನಿಮ್ಮ ಯಂತ್ರದಲ್ಲಿ ಓಡಿದರೆ ಸಾಲದು, ನೀವು ಕಂಡೇ ಇರದ ಯಂತ್ರದಲ್ಲೂ ಬಿಲ್ಡ್ ಆಗಬೇಕು, ಅಂದರೆ ಸೋರ್ಸ್‌ನಿಂದ ಓಡುವ ರೂಪಕ್ಕೆ ಬರಬೇಕು. ಒಳಗಿನ ಪ್ರತಿ ಕಡತ ಯಾರದು, ಯಾವ ಲೈಸೆನ್ಸಿನದು ಎಂದು ಲೆಕ್ಕ ಒಪ್ಪಿಸಬೇಕು.

ಹೊಸ ಪ್ಯಾಕೇಜ್ ನಿಜಕ್ಕೂ ಬೇಕೇ ಎಂದು ಮೊದಲು ಯೋಚಿಸಿ. ‘ಹೌ-ಕ್ಯಾನ್-ಐ-ಹೆಲ್ಪ್’ ಎಂಬ ಪುಟ್ಟ ಟೂಲ್ ಹಾಕಿಕೊಂಡರೆ, ನೀವು ದಿನವೂ ಬಳಸುವ ಪ್ಯಾಕೇಜ್‌ಗಳಲ್ಲಿ ಯಾವುದು ನೋಡಿಕೊಳ್ಳುವವರಿಲ್ಲದೆ ಅನಾಥವಾಗಿದೆ, ಯಾವ ಬಗ್ ಹೊಸಬರ ಕೈಗೆ ಎಟುಕುತ್ತದೆ ಎಂದು ತೋರಿಸುತ್ತದೆ. ಕೈ ಪಳಗಿಸಿಕೊಳ್ಳಲು ಇದೇ ಒಳ್ಳೆಯ ದಾರಿ. ಇಲ್ಲ, ಹೊಸದೇ ಬೇಕು ಎಂದಾದರೆ ‘ರಿಪೋರ್ಟ್‌ಬಗ್’ ಮೂಲಕ ಡಬ್ಲ್ಯುಎನ್‌ಪಿಪಿ (ಕೆಲಸ ಬೇಕಿರುವ ಮತ್ತು ಬರಲಿರುವ ಪ್ಯಾಕೇಜ್‌ಗಳ ಪಟ್ಟಿ) ಹೆಸರಿನಡಿ ಒಂದು ಐಟಿಪಿ (‘ಇಂಟೆಂಟ್ ಟು ಪ್ಯಾಕೇಜ್’) ಬಗ್ ತೆರೆಯಿರಿ. ಇದನ್ನು ನಾನು ಕೈಗೆತ್ತಿಕೊಂಡಿದ್ದೇನೆ ಎಂದು ಉಳಿದವರಿಗೆ ತಿಳಿಸುವ ಕ್ರಮ ಇದು. ಸಿಗುವ ಬಗ್ ಸಂಖ್ಯೆ ಮುಂದೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ಈಗ ಕಟ್ಟುವ ಕೆಲಸ. ತಂತ್ರಾಂಶದ ಹೆಸರು ‘ಗಿಣಿ’, ಆವೃತ್ತಿ 1.2 ಎಂದುಕೊಳ್ಳಿ. ಮೂಲ ಲೇಖಕರು ಕೊಟ್ಟ ಟಾರ್ ಕಡತಕ್ಕೆ (ಸೋರ್ಸ್ ಕೋಡನ್ನೆಲ್ಲ ಕಟ್ಟಿದ ಗಂಟು) ‘ಗಿಣಿ_1.2.ಒರಿಜ್.ಟಾರ್.ಜಿಝಡ್’ ಎಂದು ಹೆಸರಿಡಿ. ಹೆಸರಿಗೂ ಆವೃತ್ತಿಗೂ ನಡುವೆ ಅಡಿಗೆರೆಯೇ ಇರಬೇಕು; ಅಡ್ಡಗೆರೆ ಹಾಕಿದರೆ ಟೂಲ್‌ಗಳಿಗೆ ಕಡತ ಸಿಗುವುದೇ ಇಲ್ಲ. ಅದನ್ನು ಬಿಚ್ಚಿ, ಒಳಗೆ ‘ಡೆಬಿಯನ್’ ಎಂಬ ಫೋಲ್ಡರ್ ಮಾಡಿ. ಕಂಟ್ರೋಲ್, ರೂಲ್ಸ್, ಚೇಂಜ್‌ಲಾಗ್, ಕಾಪಿರೈಟ್, ಜೊತೆಗೆ ‘ಸೋರ್ಸ್’ ಉಪಫೋಲ್ಡರಿನಲ್ಲಿ ಫಾರ್ಮ್ಯಾಟ್: ಮುಖ್ಯವಾದವು ಇಷ್ಟೇ. ಫಾರ್ಮ್ಯಾಟ್ ಕಡತದಲ್ಲಿ ‘3.0 (ಕ್ವಿಲ್ಟ್)’ ಎಂಬ ಒಂದೇ ಸಾಲು.

ರೂಲ್ಸ್ ಎಂದರೆ ಒಂದು ಮೇಕ್‌ಫೈಲ್, ಅಂದರೆ ಬಿಲ್ಡ್ ಆಜ್ಞೆಗಳ ಪಟ್ಟಿ. ಸಾಮಾನ್ಯ ಹೆಜ್ಜೆಗಳನ್ನು ತಾನೇ ಮಾಡುವ ಡೆಬ್‌ಹೆಲ್ಪರ್ ಟೂಲ್ ಬಂದಮೇಲೆ ಅದು ನಾಲ್ಕು ಸಾಲಿಗೆ ಇಳಿದಿದೆ. ಆದರೆ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಡಿಟರ್ ಟ್ಯಾಬ್ ಬದಲು ಎಂಟು ಸ್ಪೇಸ್ ಹಾಕಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಬಿಲ್ಡ್ ಮಾತ್ರ ಅಲ್ಲೇ ನಿಲ್ಲುತ್ತದೆ. ಚೇಂಜ್‌ಲಾಗ್ ಕೂಡ ಇಷ್ಟೇ ಹಠಮಾರಿ. ಕೊನೆಯ ಸಾಲಿನಲ್ಲಿ ಒಂದು ಸ್ಪೇಸ್, ಎರಡು ಅಡ್ಡಗೆರೆ, ಒಂದು ಸ್ಪೇಸ್, ಹೆಸರು, ಇಮೇಲ್, ನಂತರ ಸರಿಯಾಗಿ ಎರಡು ಸ್ಪೇಸ್, ಆಮೇಲೆ ದಿನಾಂಕ. ಕೈಯಿಂದ ಬರೆಯಲು ಹೋಗಬೇಡಿ, ‘ಡಿಸಿಹೆಚ್’ ಟೂಲ್ ಬಳಸಿ. ಐಟಿಪಿ ಸಂಖ್ಯೆಯನ್ನು ‘ಕ್ಲೋಸಸ್’ ಎಂದು ಇಲ್ಲಿಯೇ ನಮೂದಿಸಬೇಕು.

ಆವೃತ್ತಿ ಸಂಖ್ಯೆಯಲ್ಲಿ ತಪ್ಪಿದರೆ ಅದು ಬಹುಕಾಲ ಕಾಡುತ್ತದೆ. 2.0ಗಿಂತ ಮುಂಚಿನ ಪರೀಕ್ಷಾ ಆವೃತ್ತಿಯನ್ನು ‘2.0ಆರ್‌ಸಿ1’ ಎಂದು ಕಳಿಸಿದಿರೋ, ಪ್ಯಾಕೇಜ್ ಹಾಕುವ ಟೂಲ್ ಆದ ಡಿಪಿಕೆಜಿ ಲೆಕ್ಕದಲ್ಲಿ ಅದು 2.0ಗಿಂತ ದೊಡ್ಡದು! ನಿಜವಾದ 2.0 ಬಂದಾಗ ಯಾರ ಯಂತ್ರವೂ ಅಪ್‌ಗ್ರೇಡ್ ಆಗುವುದಿಲ್ಲ. ನಡುವೆ ಟಿಲ್ಡ್ ಚಿಹ್ನೆ ಹಾಕಿ ‘2.0~ಆರ್‌ಸಿ1’ ಎಂದು ಬರೆದರೆ ಅದು 2.0ಗಿಂತ ಹಿಂದೆ ನಿಲ್ಲುತ್ತದೆ. ಮೊದಲೇ ಎಡವಿದ್ದರೆ ಸಂಖ್ಯೆಯ ಆರಂಭದಲ್ಲಿ ‘1:’ ಎಂಬ ಎಪಾಕ್ ಅಂಟಿಸಿ, ಅದನ್ನು ಹಳೆಯದಕ್ಕಿಂತ ದೊಡ್ಡದಾಗಿಸುವುದು ಒಂದು ಪರಿಹಾರ. ಒಮ್ಮೆ ಅಂಟಿಸಿದ್ದನ್ನು ಮತ್ತೆ ಕೀಳುವಂತಿಲ್ಲ.

ಮೂಲ ಕೋಡ್‌ನಲ್ಲಿ ಏನಾದರೂ ತಿದ್ದಬೇಕೆ? ನೇರವಾಗಿ ಕೈ ಹಾಕಿದರೆ ಸೋರ್ಸ್ ಪ್ಯಾಕೇಜ್ ಕಟ್ಟುವ ‘ಡಿಪಿಕೆಜಿ-ಸೋರ್ಸ್’ ಕೆಲಸ ನಿಲ್ಲಿಸುತ್ತದೆ. ತಿದ್ದುಪಡಿ ಪ್ಯಾಚ್ (ಬದಲಾವಣೆಯನ್ನಷ್ಟೇ ಹೇಳುವ ಕಡತ) ಆಗಿ ‘ಡೆಬಿಯನ್/ಪ್ಯಾಚಸ್’ ಒಳಗೆ ಕೂರಬೇಕು. ಅದೇ ಪ್ಯಾಚನ್ನು ಮೂಲ ಲೇಖಕರಿಗೂ ಕಳಿಸಿಬಿಡಿ, ಇಲ್ಲದಿದ್ದರೆ ಪ್ರತಿ ಹೊಸ ಆವೃತ್ತಿಗೂ ಅದನ್ನು ನೀವೇ ಹೊರಬೇಕು.

ಬಿಲ್ಡ್ ಮಾಡುವುದು ‘ಎಸ್‌ಬಿಲ್ಡ್’ನಲ್ಲಿ. ಅದು ಅನ್‌ಸ್ಟೇಬಲ್‌ನ (ಹೊಸ ಪ್ಯಾಕೇಜ್‌ಗಳು ಮೊದಲು ಸೇರುವ ಡೆಬಿಯನ್ ಶಾಖೆ) ಖಾಲಿ ವ್ಯವಸ್ಥೆಯೊಂದನ್ನು ಎಬ್ಬಿಸಿ, ಕಂಪೈಲರ್‌ನಂಥ ಮೂಲ ಸಾಮಗ್ರಿಯ ಮೇಲೆ ನೀವು ಕಂಟ್ರೋಲ್ ಕಡತದ ಬಿಲ್ಡ್-ಡಿಪೆಂಡ್ಸ್‌ನಲ್ಲಿ ಬರೆದದ್ದನ್ನಷ್ಟೇ ಹಾಕುತ್ತದೆ. ಹೊಸಬರ ಪ್ಯಾಕೇಜ್ ಹೆಚ್ಚಾಗಿ ಕೆಡುವುದು ಇಲ್ಲೇ: ನಿಮ್ಮ ಯಂತ್ರದಲ್ಲಿ ಎಂದೋ ಹಾಕಿದ್ದ ಲೈಬ್ರರಿಯ ಹೆಡರ್ ಕಡತ ಅಲ್ಲಿರುವುದಿಲ್ಲ. ಅದರ ‘-ಡೆವ್’ ಪ್ಯಾಕೇಜನ್ನು ಪಟ್ಟಿಗೆ ಸೇರಿಸಿ. ಬಿಲ್ಡ್ ನಡುವೆ ಇಂಟರ್‌ನೆಟ್‌ನಿಂದ ಏನನ್ನೋ ಇಳಿಸಿಕೊಳ್ಳುವ ತಂತ್ರಾಂಶವನ್ನೂ ಡೆಬಿಯನ್ ಒಪ್ಪುವುದಿಲ್ಲ. ಆ ಸಾಮಗ್ರಿಯೂ ಪ್ಯಾಕೇಜ್ ಆಗಿ ಮೊದಲೇ ಇರಬೇಕು. ನಂತರ ಪ್ಯಾಕೇಜಿನ ತಪ್ಪು ಹುಡುಕುವ ‘ಲಿಂಟಿಯನ್’ ಓಡಿಸಿ. ಅದರ ದೂರುಗಳ ಬಾಯಿ ಮುಚ್ಚಿಸಲು ಓವರ್‌ರೈಡ್ ಬರೆಯುವ ಚಾಳಿ ಬೇಡ, ಹತ್ತಕ್ಕೆ ಎಂಟು ಸಲ ಅದು ಹೇಳುವುದೇ ಸರಿ.

ಅಪ್‌ಲೋಡ್ ಹಕ್ಕು ನಿಮಗೆ ಇನ್ನೂ ಇರುವುದಿಲ್ಲ. ಪ್ಯಾಕೇಜಿಗೆ ಜಿಪಿಜಿ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ, ‘ಡಿಪುಟ್’ ಮೂಲಕ ಹೊಸಬರ ಪ್ಯಾಕೇಜ್‌ಗಳಿಗೆಂದೇ ಇರುವ ಮೆಂಟರ್ಸ್ ಸರ್ವರ್‌ಗೆ ಏರಿಸಿ, ‘ಸ್ಪಾನ್ಸರ್‌ಶಿಪ್-ರಿಕ್ವೆಸ್ಟ್ಸ್’ ಹೆಸರಿನಡಿ ಆರ್‌ಎಫ್‌ಎಸ್ (ಸ್ಪಾನ್ಸರ್ ಬೇಕೆಂಬ ಕೋರಿಕೆ) ಬಗ್ ತೆರೆಯಿರಿ. ಡೆಬಿಯನ್ ಡೆವಲಪರ್ ಒಬ್ಬರು ಪರಿಶೀಲಿಸಿ, ಒಪ್ಪಿಗೆಯಾದರೆ ತಮ್ಮ ಸಹಿಯಲ್ಲಿ ಕಳಿಸುತ್ತಾರೆ. ಹೊಸ ಪ್ಯಾಕೇಜ್ ಆದ್ದರಿಂದ ಅದು ‘ನ್ಯೂ’ ಸರದಿಯಲ್ಲಿ ನಿಲ್ಲುತ್ತದೆ. ಅಲ್ಲಿ ಡೆಬಿಯನ್ ಭಂಡಾರ ನೋಡಿಕೊಳ್ಳುವ ಎಫ್‌ಟಿಪಿ ತಂಡದವರು ಮುಖ್ಯವಾಗಿ ನೋಡುವುದು ಕಾಪಿರೈಟ್ ಕಡತವನ್ನು. ಯಾವುದೋ ಮೂಲೆಯ ಫೋಲ್ಡರ್‌ನಲ್ಲಿ ಬೇರೊಬ್ಬರ ಜಾವಾಸ್ಕ್ರಿಪ್ಟ್ ಇದ್ದು, ಅದರ ಲೈಸೆನ್ಸ್ ಬರೆಯುವುದು ಮರೆತಿದ್ದರೆ ಪ್ಯಾಕೇಜ್ ವಾಪಸ್ ಬರುವುದು ಬಹುಪಾಲು ಖಚಿತ.

ಸರದಿ ದಾಟಿ ಅನ್‌ಸ್ಟೇಬಲ್ ಸೇರಿದ ಪ್ಯಾಕೇಜ್ ಟೆಸ್ಟಿಂಗ್‌ಗೆ (ಮುಂದಿನ ಬಿಡುಗಡೆಗೆ ಸಿದ್ಧವಾಗುವ ಶಾಖೆ) ತಾನಾಗಿ ಹೋಗುತ್ತದೆಂದು ಕಾದು ಕೂರಬೇಡಿ. ‘ನ್ಯೂ’ಗೆ ಕಳಿಸುವಾಗ ಬಿಲ್ಡ್ ಮಾಡಿದ ಬೈನರಿಯನ್ನೂ ಜೊತೆಗಿಡಬೇಕು, ಆದರೆ ಹಾಗೆ ಮನೆಯಲ್ಲಿ ಬಿಲ್ಡ್ ಆದ ಬೈನರಿಗೆ ಟೆಸ್ಟಿಂಗ್‌ಗೆ ಪ್ರವೇಶವಿಲ್ಲ. ಮೊದಲ ಸಲ ‘1.2-1’ ಆಗಿದ್ದ ಸಂಖ್ಯೆಯನ್ನು ‘1.2-2’ಕ್ಕೆ ಏರಿಸಿ ಸೋರ್ಸ್ ಮಾತ್ರ ಇನ್ನೊಮ್ಮೆ ಕಳಿಸಿದರೆ ಡೆಬಿಯನ್‌ನ ಸರ್ವರ್‌ಗಳೇ ಬಿಲ್ಡ್ ಮಾಡುತ್ತವೆ. ಚೇಂಜ್‌ಲಾಗ್‌ನಲ್ಲಿ ಬರೆಯುವ ‘ಅರ್ಜೆನ್ಸಿ’ (ತುರ್ತಿನ ಮಟ್ಟ) ಮೀಡಿಯಂ ಇದ್ದು, ಗಂಭೀರ ಬಗ್ ಯಾವುದೂ ಬರದಿದ್ದರೆ ಸಾಮಾನ್ಯವಾಗಿ 5 ದಿನಕ್ಕೆ ಅದು ಟೆಸ್ಟಿಂಗ್ ಸೇರುತ್ತದೆ.