ಹಳೇ ಬ್ಯಾಕ್‌ಹೋ ಬಕೆಟ್ ತಾನಾಗೇ ಬಿಚ್ಚಿಕೊಳ್ಳುತ್ತಿದೆಯಾ?

ಮಣ್ಣು ಅಗೆಯುವ ಬ್ಯಾಕ್‌ಹೋ ಯಂತ್ರದ ಹಿಂದಿನ ಬಕೆಟ್ ಮಡಚಿ ಮಣ್ಣು ಹಿಡಿದರೆ ಮೆಲ್ಲಗೆ ಬಿಚ್ಚಿಕೊಳ್ಳುತ್ತಿದೆ ಅಂದ ಕೂಡಲೇ ಸೀಲ್ ಕಿಟ್ (ಎಣ್ಣೆ ಸೋರದಂತೆ ತಡೆಯುವ ಬಳೆಗಳ ಸೆಟ್) ತರಲು ಓಡಬೇಡಿ. ತಪ್ಪು ಎಣ್ಣೆಯ ಒತ್ತಡದಿಂದ ಬಕೆಟ್ ಆಡಿಸುವ ಸಿಲಿಂಡರಿನದೋ, ಅದಕ್ಕೆ ಎಣ್ಣೆ ಬಿಡುವ ವಾಲ್ವಿನದೋ ಮೊದಲು ನೋಡಿ.

ಬಕೆಟ್ ಪೂರ್ತಿ ಮಡಚಿ, ನೆಲಕ್ಕೆ ಊರಿ ಇಂಜಿನ್ ಆಫ್ ಮಾಡಿ. ಲಿವರುಗಳನ್ನು ಅತ್ತಿತ್ತ ಆಡಿಸಿ ಒತ್ತಡ ಇಳಿಸಿ. ಈಗ ಸಿಲಿಂಡರಿನಲ್ಲಿ ರಾಡ್ (ಹೊರಗೆ ಚಾಚುವ ದಂಡ) ಕಡೆಯ ಹೋಸ್ ಬಿಚ್ಚಿ, ಆ ಹೋಸಿನ ಬಾಯಿಗೆ ಒತ್ತಡ ತಡೆಯುವ ಸ್ಟೀಲ್ ಪ್ಲಗ್ ಹಾಕಿ. ಬಟ್ಟೆ ತುರುಕಿದರೆ ನಡೆಯಲ್ಲ. ಇಂಜಿನ್ ಸ್ಟಾರ್ಟ್ ಮಾಡಿ, ಮಡಚುವ ಕಡೆಗೇ ಲಿವರ್ ಒತ್ತಿ ಹಿಡಿಯಿರಿ. ಸಿಲಿಂಡರಿನ ತೆರೆದ ಪೋರ್ಟಿನ (ಹೋಸ್ ಬಿಚ್ಚಿದ ತೂತಿನ) ಎದುರು ಯಾರೂ ನಿಲ್ಲಬಾರದು.

ಮೊದಲು ನಾಲ್ಕು ಹನಿ ಬೀಳುವುದು ಸಹಜ. ಆ ಪೋರ್ಟಿನಿಂದ ಎಣ್ಣೆ ನಿಲ್ಲದೆ ಹರಿದರೆ ಸಿಲಿಂಡರ್ ಒಳಗಿನ ಪಿಸ್ಟನ್ ಸೀಲ್ ಹೋಗಿದೆ. ಹರಿಯದಿದ್ದರೆ ಸ್ಪೂಲ್ ವಾಲ್ವ್ (ಲಿವರ್ ಆಡಿಸಿದಾಗ ಎಣ್ಣೆಗೆ ದಾರಿ ಕೊಡುವುದು) ಅಥವಾ ರಿಲೀಫ್ ವಾಲ್ವ್ (ಹೆಚ್ಚಿದ ಒತ್ತಡ ಬಿಡುವುದು) ಮೇಲೆ ಅನುಮಾನ ಪಡಿ. ಸುಮ್ನೆ ಸಿಲಿಂಡರ್ ಬಿಚ್ಚಿ ದುಡ್ಡು ಕಳೆಯೋದ್ಯಾಕೆ, ಅಲ್ವಾ?

ಸೀಲ್ ಬದಲಿಸುವಾಗ ಬ್ಯಾರೆಲ್ (ಸಿಲಿಂಡರಿನ ಕೊಳವೆ) ಒಳಗೆ ಟಾರ್ಚ್ ಬಿಟ್ಟು ನೋಡಿ. ಉದ್ದಕ್ಕೆ ಗೀರು ಬಿದ್ದಿದ್ದರೆ ಹೊಸ ಸೀಲೂ ಬೇಗ ಹರಿಯುತ್ತದೆ. ರಾಡ್ ಮೇಲಿನ ತುಕ್ಕಿನ ಗುಳಿಗಳು ಅದು ಹೊರಬರುವ ಬಾಯಲ್ಲಿರುವ ಗ್ಲಾಂಡ್ ಸೀಲನ್ನು ತಿನ್ನುತ್ತವೆ.

ಹೋಸ್ ಸೋರಿಕೆಯನ್ನು ಮಾತ್ರ ಬರಿಗೈಯಲ್ಲಿ ಹುಡುಕಲೇಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.