ಸಿಪಿಯು ಖಾಲಿ, ಪೇಜ್ ಮಾತ್ರ ನಿಧಾನ: ಸೆಷನ್ ಸ್ಟೋರೇಜ್ ಜೊತೆ ನನ್ನ ಅನುಭವ

ಡೀಲರ್‌ಗಳು ಆರ್ಡರ್ ಹಾಕೋಕೆ, ರಿಪೋರ್ಟ್ ತೆಗೆಯೋಕೆ ಬಳಸೋ ಒಂದು ಪಿಎಚ್‌ಪಿ ಅಪ್ಲಿಕೇಶನ್ ನಾನು ನೋಡ್ಕೋತೀನಿ. ಉಬುಂಟು ಮೇಲೆ ಎನ್‌ಜಿನ್ಎಕ್ಸ್ ವೆಬ್ ಸರ್ವರ್, ಪಿಎಚ್‌ಪಿ ಓಡಿಸೋಕೆ ಎಫ್‌ಪಿಎಂ (ವರ್ಕರ್ ಅನ್ನೋ ಪ್ರೋಸೆಸ್‌ಗಳ ಗುಂಪು, ಒಂದು ವರ್ಕರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡುತ್ತೆ). ಬೆಳಗ್ಗೆ ಹನ್ನೊಂದಾದ್ರೆ ಸಾಕು ಡ್ಯಾಶ್‌ಬೋರ್ಡ್ ಸುತ್ತುತ್ತಾ ಕೂತ್ಕೋತಿತ್ತು, ಆದ್ರೆ ಟಾಪ್ ಕಮಾಂಡ್ ಹಾಕಿ ನೋಡಿದ್ರೆ ಸಿಪಿಯು ಆರಾಮಾಗಿದೆ, ಮೈಎಸ್‌ಕ್ಯೂಎಲ್ ಸ್ಲೋ ಲಾಗಲ್ಲೂ ಹೇಳ್ಕೊಳ್ಳೋ ಅಂಥದ್ದೇನಿಲ್ಲ. RAM ಜಾಸ್ತಿ ಮಾಡಿ ಅಂತ ಎಲ್ರೂ ಹೇಳೋರೇ. ಸಮಸ್ಯೆ ಏನೇ ಇರ್ಲಿ, ಮೊದ್ಲು RAM!

ಎಫ್‌ಪಿಎಂ ಪೂಲ್ ಕಾನ್ಫಿಗ್‌ನಲ್ಲಿ ಸ್ಲೋಲಾಗ್ ಆನ್ ಮಾಡಿ, 3 ಸೆಕೆಂಡ್ ಮೀರಿದ ರಿಕ್ವೆಸ್ಟ್ ಎಲ್ಲಿ ನಿಂತಿದೆ ಅಂತ ಬರೆಯೋ ಹಾಗೆ ಇಟ್ಟೆ. ಲಾಗ್ ತುಂಬಾ ಒಂದೇ ಫಂಕ್ಷನ್, ಸೆಷನ್ ಸ್ಟಾರ್ಟ್. ಸೆಷನ್ ಅಂದ್ರೆ ಒಬ್ಬೊಬ್ಬ ಯೂಸರ್ ಬಗ್ಗೆ ಸರ್ವರ್ ನೆನಪಿಟ್ಕೊಳ್ಳೋ ಡೇಟಾ (ಲಾಗಿನ್, ಕಾರ್ಟ್ ಥರದ್ದು), ಅದನ್ನ ತೆರೆಯೋ ಫಂಕ್ಷನ್ ಇದು. ಸಿಕ್ಕಾಕೊಂಡಿದ್ದ ಒಂದು ವರ್ಕರ್‌ಗೆ ಎಸ್‌ಟ್ರೇಸ್ (ಪ್ರೋಸೆಸ್ ಕರ್ನಲ್‌ಗೆ ಏನು ಕೇಳ್ತಿದೆ ಅಂತ ತೋರ್ಸೋ ಟೂಲ್) ಹಾಕಿದ್ರೆ ಅದು ಎಫ್‌ಲಾಕ್, ಅಂದ್ರೆ ಫೈಲ್‌ಗೆ ಲಾಕ್ ಕೇಳೋ ಕಾಲ್ ಹತ್ರ ಸುಮ್ನೆ ನಿಂತಿದೆ.

ವಿಷ್ಯ ಏನಪ್ಪಾ ಅಂದ್ರೆ, ಪಿಎಚ್‌ಪಿಯ ಡೀಫಾಲ್ಟ್ ಸೇವ್ ಹ್ಯಾಂಡ್ಲರ್ ಫೈಲ್ಸ್, ಅಂದ್ರೆ ಒಂದೊಂದು ಸೆಷನ್ ಒಂದೊಂದು ಫೈಲಲ್ಲಿ, ಅದು ಸೆಷನ್ ಫೈಲ್ ತೆರೆದ ತಕ್ಷಣ ಲಾಕ್ ಮಾಡುತ್ತೆ, ಸ್ಕ್ರಿಪ್ಟ್ ಮುಗಿಯೋವರೆಗೂ ಬಿಡಲ್ಲ, ಹಾಗಾಗಿ ಒಬ್ಬನೇ ಯೂಸರ್‌ನ ಬ್ರೌಸರ್ ಒಟ್ಟಿಗೆ ಆರು ಅಜಾಕ್ಸ್ (ಪೇಜ್ ಹಿನ್ನೆಲೆಯಲ್ಲಿ ಕಳಿಸೋ) ರಿಕ್ವೆಸ್ಟ್ ಕಳಿಸಿದ್ರೂ ಅವು ಒಂದಾದ್ಮೇಲೆ ಒಂದೇ ನಡೆಯೋದು. ಮನೇಲಿ ಒಂದೇ ಬಚ್ಚಲು ಇದ್ದಂಗೆ. ನಮ್ಮ ರಿಪೋರ್ಟ್ ಪೇಜು ಇನ್ನೊಂದು ಸಿಸ್ಟಮ್‌ನ ಎಪಿಐಗೆ ಕೇಳಿ ಉತ್ತರಕ್ಕೆ ಕಾಯುತ್ತೆ, ಅಷ್ಟೂ ಹೊತ್ತು ಲಾಕ್ ಅದರ ಕೈಲೇ. ಯೂಸರ್ ಬೇಜಾರಾಗಿ ಇನ್ನೊಂದು ಟ್ಯಾಬ್ ತೆಗೀತಾನೆ, ರಿಫ್ರೆಶ್ ಹೊಡೀತಾನೆ, ಒಂದೊಂದಕ್ಕೂ ಒಂದೊಂದು ವರ್ಕರ್ ಹೋಗಿ ಕ್ಯೂ ನಿಲ್ಲುತ್ತೆ, ಮ್ಯಾಕ್ಸ್ ಚಿಲ್ಡ್ರನ್ (ವರ್ಕರ್‌ಗಳ ಗರಿಷ್ಠ ಸಂಖ್ಯೆ) ತುಂಬಿದ್ಮೇಲೆ ಇದಕ್ಕೆ ಸಂಬಂಧನೇ ಇಲ್ಲದ ಬೇರೆಯವ್ರಿಗೂ ಸೈಟ್ ನಿಂತೋಗುತ್ತೆ.

ಪರಿಹಾರ ಒಂದೇ ಸಾಲು. ಯೂಸರ್ ಐಡಿ, ಪರ್ಮಿಶನ್ ಓದ್ಕೊಂಡ ತಕ್ಷಣ ಸೆಷನ್ ರೈಟ್ ಕ್ಲೋಸ್ ಕರೆಯೋದು, ಅದು ಸೆಷನ್ ಸೇವ್ ಮಾಡಿ ಲಾಕ್ ಬಿಡುತ್ತೆ. ಬರೀ ಓದೋ ಪೇಜ್‌ಗಳಿಗೆ ಸೆಷನ್ ಸ್ಟಾರ್ಟ್‌ಗೇ ರೀಡ್ ಅಂಡ್ ಕ್ಲೋಸ್ ಆಪ್ಶನ್ ಕೊಡ್ಬಹುದು, ಪಿಎಚ್‌ಪಿ 7ರಿಂದ ಇದೆ. ಒಂದೇ ಎಚ್ಚರಿಕೆ, ಕ್ಲೋಸ್ ಆದ್ಮೇಲೆ ಸೆಷನ್‌ಗೆ ಏನು ಹಾಕಿದ್ರೂ ಸೇವ್ ಆಗಲ್ಲ, ಎರರ್ ಕೂಡ ಬರಲ್ಲ. "ಆರ್ಡರ್ ಸೇವ್ ಆಯ್ತು" ಅನ್ನೋ ಥರದ ಮೆಸೇಜ್‌ಗಳು ಇಲ್ಲೇ ಮಾಯ ಆಗೋದು.

ಸೆಷನ್ ಫೋಲ್ಡರ್ ಕಥೆ ಬೇರೆ. ಫೈಲ್ ಪಟ್ಟಿ ನೋಡೋಕೆ ಎಲ್ಎಸ್ ಕೊಟ್ರೆ ವಾಪಸ್ಸೇ ಬರ್ತಿರ್ಲಿಲ್ಲ. ಡಿಎಫ್ ಕಮಾಂಡ್‌ಗೆ ಐ ಆಪ್ಶನ್ ಹಾಕಿದ್ರೆ ಡಿಸ್ಕಲ್ಲಿ ಜಾಗ ಇದೆ, ಐನೋಡ್ (ಪ್ರತಿ ಫೈಲ್‌ಗೂ ಒಂದು ಬೇಕಾಗೋ ದಾಖಲೆ, ಸಂಖ್ಯೆ ಸೀಮಿತ) ಮಾತ್ರ ಖಾಲಿಯಾಗ್ತಾ ಬಂದಿದೆ. ಸರ್ವರ್ ಬದುಕಿದೆಯಾ ಅಂತ ಲೋಡ್ ಬ್ಯಾಲೆನ್ಸರ್ (ರಿಕ್ವೆಸ್ಟ್ ಹಂಚೋದು) ಮಾಡೋ ಹೆಲ್ತ್ ಚೆಕ್, ಸೆಷನ್ ಐಡಿ ಇರೋ ಕುಕೀ ಕಳಿಸಲ್ಲ, ಹಾಗಾಗಿ ಪ್ರತಿ ಹಿಟ್‌ಗೂ ಹೊಸ ಸೆಷನ್ ಫೈಲ್, ಬಾಟ್‌ಗಳದ್ದೂ ಅದೇ ಕಥೆ. ಡೀಫಾಲ್ಟ್ ಜಿಸಿ ಮ್ಯಾಕ್ಸ್ ಲೈಫ್‌ಟೈಮ್ (ಬಳಸದ ಸೆಷನ್ ಎಷ್ಟು ಹೊತ್ತಾದ್ಮೇಲೆ ಅಳಿಸಬಹುದು ಅನ್ನೋ ಸೆಟ್ಟಿಂಗ್) 1440 ಸೆಕೆಂಡ್, ಅಂದ್ರೆ 24 ನಿಮಿಷ, ಆದ್ರೆ ಇಲ್ಲಿ ಲಾಗಿನ್ ಹೋಗ್ಬಾರ್ದು ಅಂತ 30 ದಿನಕ್ಕೆ ಏರಿಸಿಟ್ಟಿದ್ರು, ಉಬುಂಟುವಿನ ಕ್ಲೀನಪ್ ಟೈಮರ್ ಅರ್ಧ ಗಂಟೆಗೊಮ್ಮೆ ಓಡಿದ್ರೂ ಅಳಿಸೋಕೆ ಅದಕ್ಕೇನೂ ಸಿಗ್ತಿರ್ಲಿಲ್ಲ. ಹೆಲ್ತ್ ಚೆಕ್ ಪೇಜಿಂದ ಸೆಷನ್ ತೆಗೆದೆ, ಲಾಗಿನ್ ನೆನಪಿಟ್ಕೊಳ್ಳೋಕೆ ಡೇಟಾಬೇಸಲ್ಲಿ ಬೇರೆ ಟೋಕನ್ ಮಾಡ್ದೆ, ಲೈಫ್‌ಟೈಮ್ ಇಳಿಸಿದೆ.

ಎರಡನೇ ಆ್ಯಪ್ ಸರ್ವರ್ ಬಂದ್ಮೇಲೆ, ಒಂದರ ಸೆಷನ್ ಫೈಲ್ ಇನ್ನೊಂದಕ್ಕೆ ಕಾಣಲ್ಲ, ಹಾಗಾಗಿ ಎರಡಕ್ಕೂ ಸಿಗೋ ರೆಡಿಸ್‌ಗೆ (ಮೆಮೊರಿಯಲ್ಲಿ ಡೇಟಾ ಇಡೋ ಸ್ಟೋರ್) ಹೋಗ್ಲೇಬೇಕಾಯ್ತು. ರೆಡಿಸ್ ಹಾಕಿದ್ರೆ ಸೆಷನ್ ಕಾಯೋದು ತಪ್ಪುತ್ತೆ ಅಂತ ಸುಮಾರು ಜನ ಹೇಳ್ತಾರೆ, ನಿಜ, ಯಾಕಂದ್ರೆ ಪಿಎಚ್‌ಪಿ ರೆಡಿಸ್ ಎಕ್ಸ್‌ಟೆನ್ಶನ್‌ನಲ್ಲಿ ಸೆಷನ್ ಲಾಕಿಂಗ್ ಡೀಫಾಲ್ಟಾಗಿ ಆಫ್! ಎರಡು ರಿಕ್ವೆಸ್ಟ್ ಒಟ್ಟಿಗೆ ಬರೆದ್ರೆ ಕೊನೇದು ಉಳಿಯುತ್ತೆ, ಮೊದಲನೇದು ಹೋಯ್ತು. ಕಾರ್ಟ್ ಸೆಷನ್‌ನಲ್ಲಿದ್ರೆ ಆ ಲಾಕಿಂಗ್ ಆನ್ ಮಾಡ್ಕೊಳ್ಳಿ, ಸೆಷನ್ ಬೇಗ ಕ್ಲೋಸ್ ಮಾಡೋ ಅಭ್ಯಾಸ ಇದ್ರೆ ಅದರಿಂದ ನಿಧಾನ ಆಗಿದ್ದು ನನಗಂತೂ ಕಾಣ್ಲಿಲ್ಲ. ಇನ್ನೊಂದು, ಕ್ಯಾಶ್ (ಹೋದ್ರೂ ಮತ್ತೆ ಮಾಡ್ಕೊಳ್ಳಬಹುದಾದ ತಾತ್ಕಾಲಿಕ ಡೇಟಾ) ಮತ್ತೆ ಸೆಷನ್ ಒಂದೇ ರೆಡಿಸ್‌ನಲ್ಲಿ ಬೇಡ. ಮೆಮೊರಿ ಲಿಮಿಟ್ ಇಡೀ ಇನ್‌ಸ್ಟನ್ಸ್‌ಗೆ ಒಂದೇ, ಡೇಟಾಬೇಸ್ ನಂಬರ್ ಬೇರೆ ಕೊಟ್ರೂ ಪ್ರಯೋಜನ ಇಲ್ಲ, ಆಲ್‌ಕೀಸ್ ಎಲ್‌ಆರ್‌ಯು (ಮೆಮೊರಿ ತುಂಬಿದಾಗ ತುಂಬಾ ಹೊತ್ತಿಂದ ಬಳಸದ್ದನ್ನ ಅಳಿಸೋ ಪಾಲಿಸಿ) ಇದ್ರೆ ಕ್ಯಾಶ್ ತುಂಬಿದಾಗ ಸೆಷನ್‌ನೂ ಎತ್ತಿ ಬಿಸಾಕುತ್ತೆ, ಜನ ಲಾಗೌಟ್ ಆಗ್ತಾರೆ. ಸೆಷನ್‌ಗೆ ಬೇರೆ ಇನ್‌ಸ್ಟನ್ಸ್, ಮೆಮೊರಿ ತುಂಬಿತು ಅಂತ ಏನನ್ನೂ ಅಳಿಸದ ನೋಎವಿಕ್ಷನ್ ಪಾಲಿಸಿ, ಮೆಮೊರಿಗೆ ಅಲರ್ಟ್ ಇಟ್ಟಿದೀನಿ.